ಹನ್ನೊಂದು ಮಂಗಳವಾರ

ವೇಲ್ಸಿನ ಲನೆಲ್ಲಿಯಲ್ಲಿ, ತಗಡಿನ ಕಾರ್ಖಾನೆಯ ಗೇಟಿನಲ್ಲಿ
ಲಾರಿ ತೂಗುವ ಕೆಲಸ ನನ್ನದು, ಆಗ.
ತುಂಬಿ ಬಂದದ್ದು ಇಷ್ಟು, ಬರಿದಾಗಿ ಹೋದದ್ದು ಇಷ್ಟು,
ಕಳೆದರೆ ಉಳಿದದ್ದು ಮಾಲು.
ಇಪ್ಪತ್ತಾರು ವರ್ಷ ಮಾಡಿದ ಲೆಕ್ಕ ಇದೊಂದೇ.

ಅಳತೆ ಮತ್ತು ತೂಕದ ಇಲಾಖೆಯ ಮೇಲೆ
ಟೀವಿಯಲ್ಲೊಂದು ನಗೆನಾಟಕ ಬರುತ್ತದಂತೆ ಎಂದು
ಕ್ಯಾಂಟೀನಿನ ಐರ್ವೆನ್ ಹೇಳಿದಾಗ
ಅದಕ್ಕೇ ನಾನು ನಂಬಲಿಲ್ಲ.
ನಮ್ಮ ಕೆಲಸದಲ್ಲಿ ನಗುವಂಥದ್ದು ಏನಿದೆ, ಹೇಳಿ?

ರಾತ್ರಿ ಒಂಬತ್ತೂವರೆ, ಊಟದ ಬಿಡುವು.
ಆ ಟೀವಿಗೆ ಆಂಟೆನಾ ಎಂದರೆ ಒಂದು ಫೋರ್ಕು.
ಹಿಂದೆ ನಿಂತು ಅದನ್ನು ಹಿಡಿಯುವ ಸರದಿ ವಾರಕ್ಕೊಬ್ಬರದು.
ಹಿಡಿದವರಿಗೆ ಚಿತ್ರ ಕಾಣುತ್ತಿರಲಿಲ್ಲ,
ನಮ್ಮ ಮುಖ ನೋಡಿಯೇ ಅವರು ನಗಬೇಕು.

ಮೂರನೇ ಮಹಡಿ. ಕಿಟಕಿಯಿಲ್ಲದ ಕೋಣೆ.
ದೊಡ್ಡ ಸಾಹೇಬ ಪೆಟಿಫರ್,
ತೂಕದ ಇಲಾಖೆಯಲ್ಲಿ ಕೂತು ತೂಕಡಿಸುವವನು.
ಬಿಸ್ಕತ್ತನ್ನೂ ತೂಗಿಯೇ ತಿನ್ನುವ ಮಿಸ್ ಲಾಕ್‌ವುಡ್.
ಅವಳ ಸೇರಿಗೆ ಸವ್ವಾಸೇರು ಚಹಾ ತರುವ ಓಡೆಟ್:
ಸಕ್ಕರೆ ಎಷ್ಟು ಹಾಕಿದೆ ಎಂದರೆ
"ನಿಮ್ಮ ಯೋಗ್ಯತೆಗೆ ತಕ್ಕಷ್ಟು" ಅನ್ನುತ್ತಿದ್ದಳು.
ಮತ್ತೆ ಆ ಹುಡುಗ ಕೆಸ್ಟರ್.
ಪ್ರತಿ ವಾರವೂ ಅವನಿಗೆ ಕೆಲಸದ ಮೊದಲ ದಿನ.
ಹೆಸರಿನ ಬಿಲ್ಲೆ ಇನ್ನೂ ಬಂದಿಲ್ಲವೆಂದು
ಯಾರದೋ ಹಳೆಯದನ್ನು ಕೋಟಿಗೆ ಸಿಕ್ಕಿಸಿಕೊಂಡು
ಬಂದವರಿಗೆಲ್ಲ ಅವನು ಮಿಸೆಸ್ ಡನ್.

ಮೂಲೆಯಲ್ಲೊಂದು ಹಸಿರು ಫೋನು.
ಅದು ಒಮ್ಮೆಯೂ ಸದ್ದು ಮಾಡಿದ್ದಿಲ್ಲ.
ಧೂಳು ಒರೆಸುವಾಗ ಓಡೆಟ್ ಮಾತ್ರ ಮೆಲ್ಲಗೆ
"ಏಳಬೇಡ, ಮಲಗು" ಅನ್ನುತ್ತಿದ್ದಳು.

ಬುಧವಾರ ಪಾಳಿ ಶುರುವಾಗುವ ಹೊತ್ತಿಗೆ
ನಮ್ಮೆಲ್ಲರ ನಾಲಗೆಯ ಮೇಲೆ ಅವರದೇ ಮಾತು.
ಒಂದು ದಿನ ಫೋರ್‌ಮನ್ ಎಮ್ಲಿನ್ ಹಾಜರಿ ಕೂಗಿದರೆ
ಮೂವತ್ತು ಗಂಡಸರು, ಒಬ್ಬೊಬ್ಬರಾಗಿ,
"ಮಿಸೆಸ್ ಡನ್" ಎಂದು ಓಗೊಟ್ಟರು.
ಅವನು ಪುಸ್ತಕ ಮುಚ್ಚಿ ಗೋಡೆಗೆ ಮುಖ ಮಾಡಿದ.
ಭುಜ ಕುಲುಕುತ್ತಿತ್ತು.
ಹೆಂಡತಿ ಹೋಗಿ ಎರಡು ತಿಂಗಳಾಗಿತ್ತಷ್ಟೆ.
ಅಳುವೋ ನಗುವೋ, ನಾವು ವಿಚಾರಿಸಲಿಲ್ಲ.

ಹನ್ನೊಂದನೆಯ ಮಂಗಳವಾರ
ಫೋರ್ಕು ಹಿಡಿಯುವ ಸರದಿ ನನ್ನದು.
ಕೋಟು ಹಾಕಿಕೊಳ್ಳುವ ಸರಬರ ಕೇಳಿಸಿತು,
ದೀಪ ಆರಿಸಿದ ಟಕ್,
ಆಮೇಲೆ ಫೋನು.
ಯಾರೂ ನಗಲಿಲ್ಲ.
ಐರ್ವೆನ್ ಸೂಪಿನ ಚಮಚವನ್ನು ತುಟಿಯ ಬಳಿ ಹಾಗೇ ಹಿಡಿದಿದ್ದಳು.
ಮತ್ತೆ ರಿಂಗು. ಮತ್ತೆ.
ಮೆಟ್ಟಿಲಿನಿಂದ ಒಂದು ಜೊತೆ ಹೆಜ್ಜೆ ಹಿಂದಕ್ಕೆ ಬಂತು,
ಅಷ್ಟರಲ್ಲಿ ಸಂಗೀತ, ಮುಗಿಯಿತು.
ಎತ್ತಿದ್ದು ಯಾರು? ಎಂದೆ.
"ಕೈ ಮಾತ್ರ ಕಂಡಿತು" ಎಂದರು.
ಗಂಡಸಿನದೋ ಹೆಂಗಸಿನದೋ,
ಆ ರಾತ್ರಿಯೇ ಎರಡು ಪಕ್ಷವಾಯಿತು.

ಮುಂದಿನ ಮಂಗಳವಾರ ಅದೇ ಹೊತ್ತಿಗೆ ಸ್ನೂಕರ್.
ಅದರಾಚೆಯ ಮಂಗಳವಾರವೂ.
ಹತ್ತೊಂಬತ್ತು ಜನ ರುಜು ಹಾಕಿ ಲಂಡನ್ನಿಗೆ ಬರೆದೆವು,
ಅದರಲ್ಲಿ ಹನ್ನೆರಡು ರುಜು ಮಿಸೆಸ್ ಡನ್‌ದು.
ನೋಡುವವರ ಸಂಖ್ಯೆ ಸಾಲದೆಂದು ಉತ್ತರ ಬಂತು,
ಅಚ್ಚಾದ ಕಾಗದ, ಅಚ್ಚಾದ ಸಹಿ.
"ಯಾವ ತಕ್ಕಡಿಯಲ್ಲಿ ತೂಗಿದರಂತೆ?" ಎಂದ ಎಮ್ಲಿನ್.
ಟೇಪುಗಳನ್ನು ಅಳಿಸಿ ಮೇಲೆ ಬೇರೇನೋ ತುಂಬಿದರೆಂದು
ಎಷ್ಟೋ ವರ್ಷದ ಮೇಲೆ ಯಾರೋ ಹೇಳಿದರು.

ಕಾರ್ಖಾನೆಯ ಜಾಗದಲ್ಲಿ ಈಗ ಕಾರ್ಪೆಟ್ ಅಂಗಡಿ.
ಐರ್ವೆನ್ ಹೋದಳು, ಅದು ಹೆಂಗಸಿನ ಕೈಯೇ ಎಂದು
ಕೊನೆಯವರೆಗೂ ಸಾಧಿಸುತ್ತ.
ಎಮ್ಲಿನ್ ಸಮುದ್ರದ ಕಡೆಗೊಂದು ವೃದ್ಧಾಶ್ರಮದಲ್ಲಿದ್ದಾನೆ.
ದಿನ, ವಾರ, ಮಗಳ ಹೆಸರು, ಎಲ್ಲ ಕಲಸಿಹೋಗಿದೆ ಅಂತಾರೆ.

ಆದರೆ ಮಂಗಳವಾರ ರಾತ್ರಿ ಒಂಬತ್ತೂವರೆಗೆ
ನಮ್ಮನೆಯ ಫೋನು ಬಾರಿಸುತ್ತದೆ.
ಮೂರು ಸಲ ಹಾಗೇ ಬಿಡುತ್ತೇನೆ.
"ಅಳತೆ ಮತ್ತು ತೂಕ" ಎನ್ನುತ್ತೇನೆ.
ಆ ಕಡೆ ಒಂದಷ್ಟು ಉಸಿರು, ಗೊರಗೊರ.
ಆಮೇಲೆ,
"ಮಿಸೆಸ್ ಡನ್ ಇದ್ದಾರಾ?"

ಈಗ ತಾನೇ ಕೋಟು ಹಾಕಿಕೊಂಡು ಹೊರಟರು,
ಇರಿ,
ಮೆಟ್ಟಿಲ ಮೇಲೇ ಇದ್ದಾರು, ಕರೆಯುತ್ತೇನೆ.